ಮುಳ್ಳಯ್ಯನಗಿರಿಯ ಪಟ್ಟೆ ಕಲ್ಲು, ನಮ್ಮನೆ ಬೋರ್‌ವೆಲ್ ನೀರು

ನಮ್ಮನೆ ಬೋರ್‌ವೆಲ್ ನೀರು ಬಕೆಟ್‌ಗೆ ಬೀಳುವಾಗ ಗಾಜಿನ ಹಾಗೆ ತಿಳಿಯಾಗಿರುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ತಳದಲ್ಲಿ ಕೆಂಪು ಗಸಿ. ಅಮ್ಮ ಬಿಳಿ ಬಟ್ಟೆಯನ್ನು ಆ ನೀರಿಗೆ ಹಾಕುವುದೇ ಇಲ್ಲ. ನೆಲದಾಳದಲ್ಲಿ ಗಾಳಿಯಾಡುವುದಿಲ್ಲ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಮೇಲೆ ಬಂದು ಆಮ್ಲಜನಕ ತಾಗಿದ್ದೇ ತಡ, ತುಕ್ಕಾಗಿ ಕೆಳಗೆ ಕೂರುತ್ತದೆ.

ನಮ್ಮ ಮುಳ್ಳಯ್ಯನಗಿರಿ ಕಲ್ಲಿನಲ್ಲೂ ಹೆಚ್ಚುಕಡಿಮೆ ಇದೇ ಕತೆ ಇದೆ. ಅಲ್ಲಿ ಬಕೆಟ್ ಬದಲು ಒಂದು ಸಮುದ್ರವಿತ್ತು.

ಗಿರಿಯ ಮೇಲೆ ಬಿದ್ದಿರುವ ಪಟ್ಟೆ ಕಲ್ಲೊಂದನ್ನು ಎತ್ತಿ ನೋಡಿ. ಗಾತ್ರಕ್ಕೆ ಮೀರಿದ ಭಾರ. ಕೆಂಪು, ಕಪ್ಪು ಪಟ್ಟೆ ಕಬ್ಬಿಣದ್ದು. ನಡುವಿನ ತಿಳಿ ಬಣ್ಣದ ಪಟ್ಟೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು. ಕೆಲವಂತೂ ಕೂದಲೆಳೆಯಷ್ಟು ತೆಳು. 270 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಗಸಿ ಇದು.

"ಕೆಂಪು ಅಂದ್ರೆ ತುಕ್ಕು, ತುಕ್ಕು ಅಂದ್ರೆ ಆಮ್ಲಜನಕ, ಅಲ್ವಾ?" ಎಂದು ಗೆಳೆಯರು ಕೇಳುತ್ತಾರೆ. ಅಷ್ಟು ಬೇಗ ತೀರ್ಮಾನಕ್ಕೆ ಬರಬಾರದು. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನಮ್ಮ ಕಲ್ಲು ಅದಕ್ಕಿಂತ ಹಳೆಯದು. ಹಾಗಾದರೆ ಆ ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದು ಯಾರು? ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಆಮ್ಲಜನಕ ಬಿಡುತ್ತಿದ್ದ ಸೂಕ್ಷ್ಮಜೀವಿಗಳು ಇರಬಹುದು. ಆಮ್ಲಜನಕವೇ ಇಲ್ಲದೆ, ಬಿಸಿಲಿನ ಬಲದಿಂದ ಕಬ್ಬಿಣವನ್ನು ತುಕ್ಕಾಗಿಸುವ ಇನ್ನೊಂದು ಜಾತಿಯೂ ಇರಬಹುದು. ಆ ವಾದ ಇನ್ನೂ ಮುಗಿದಿಲ್ಲ. ಆದರೆ ಇಷ್ಟೊಂದು ಕಬ್ಬಿಣ ಕರಗಿಕೊಂಡಿರಬೇಕಾದರೆ ಆ ಸಮುದ್ರದ ಆಳದಲ್ಲಿ ಆಮ್ಲಜನಕ ಇರಲು ಸಾಧ್ಯವೇ ಇಲ್ಲ.

ಆಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿತ್ತು ಎಂಬ ಲೆಕ್ಕ ಹೇಳುವುದು ಗಂಧಕ. ತೀರಾ ಹಳೆಯ ಕಲ್ಲುಗಳಲ್ಲಿ ಗಂಧಕದ ಐಸೊಟೋಪ್‌ಗಳ (ತೂಕದಲ್ಲಿ ಮಾತ್ರ ಬೇರೆಯಾದ ಗಂಧಕದ ಪರಮಾಣುಗಳ) ಪ್ರಮಾಣ ವಿಚಿತ್ರವಾಗಿದೆ ಎಂದು 2000ದಲ್ಲಿ ವಿಜ್ಞಾನಿ ಜೇಮ್ಸ್ ಫಾರ್ಕರ್ ಮತ್ತು ಜೊತೆಗಾರರು ತೋರಿಸಿದರು. ಆಮ್ಲಜನಕ ಈಗಿನದರ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ ಮಾತ್ರ ಆ ಗುರುತು ಕಲ್ಲಿನಲ್ಲಿ ಉಳಿಯುತ್ತದೆ. ಆದರೂ ಪಶ್ಚಿಮ ಆಸ್ಟ್ರೇಲಿಯಾದ 250 ಕೋಟಿ ವರ್ಷದ ಜೇಡುಗಲ್ಲಿನಲ್ಲಿ ಒಂದು ಕಡೆ ಮಾಲಿಬ್ಡಿನಮ್ ಎಂಬ ಲೋಹ ಏಕಾಏಕಿ ಜಾಸ್ತಿಯಾಗಿ ಮತ್ತೆ ಇಳಿಯುತ್ತದೆ. ನೆಲದ ಕಲ್ಲಿಗೆ ಚೂರು ಆಮ್ಲಜನಕ ತಾಗಿ, ಆ ಲೋಹ ಕರಗಿ ನೀರಿನ ಜೊತೆ ಸಮುದ್ರ ಸೇರಿದ ಗುರುತು. 2007ರಲ್ಲಿ ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನನಗೆ ಬೇಜಾರಾಗುವುದು ಇಲ್ಲಿ. ಭೂವಿಜ್ಞಾನಿಗಳು ಬಾಬಾಬುಡನ್ ಶ್ರೇಣಿಯ ಪದರಗಳಿಗೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಅಂತ ನಮ್ಮೂರುಗಳ ಹೆಸರನ್ನೇ ಇಟ್ಟಿದ್ದಾರೆ. ಆ ಊರಿನ ಮಕ್ಕಳಿಗೇ ಇದು ಗೊತ್ತಿಲ್ಲ. ಗಿರಿಗೆ ಹೋದಾಗಲೆಲ್ಲ ಹುಡುಕಿದ್ದೇನೆ, ಕಲ್ಲಿನ ಬಗ್ಗೆ ಕನ್ನಡದಲ್ಲಿ ಒಂದು ಬೋರ್ಡ್ ಕಣ್ಣಿಗೆ ಬಿದ್ದಿಲ್ಲ. ನಾಲ್ಕು ಸಾಲು ಬರೆದು ನಿಲ್ಲಿಸಲು ಎಷ್ಟು ಖರ್ಚಾದೀತು? ಪಠ್ಯ ಯಾರಾದರೂ ಕೇಳಿದರೆ ನಾನೇ ಬರೆದುಕೊಡುತ್ತೇನೆ.

ಅಲ್ಲಿಯವರೆಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರು ಹಳೇ ಸ್ಪೀಕರ್‌ನ ಆಯಸ್ಕಾಂತ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಕಪ್ಪು ಪಟ್ಟೆಗೆ ಹಿಡಿದು ನೋಡಲಿ. ಕಲ್ಲನ್ನು ಮಾತ್ರ ಮನೆಗೆ ತರಬೇಡಿ, ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ.