ಉತ್ತರ ಬೇಡ, ಬಂದ ದಾರಿ ಹೇಳಿ

ಪದಬಂಧ ಬಿಡಿಸುತ್ತಾ ಕೂತವರಿಗೆ ದಯವಿಟ್ಟು ಬರೀ ಉತ್ತರ ಹೇಳಬೇಡಿ. ಹೇಳಲೇಬೇಕು ಅಂತಿದ್ದರೆ ಅದು ಹೇಗೆ ಬಂತು ಅನ್ನೋದನ್ನೂ ಹೇಳಿ.

ಮೊನ್ನೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ತೊಡೆಯ ಮೇಲೆ ಮಡಚಿದ ‘ದಿ ಹಿಂದೂ’, ಕೈಯಲ್ಲಿ ಪೆನ್ಸಿಲ್. ಪಡುಬಿದ್ರಿ ದಾಟಿದರೂ ಕ್ರಿಪ್ಟಿಕ್ ಕ್ರಾಸ್‌ವರ್ಡಿನ ಒಂದು ಸುಳಿವು ಬಿಡಿಸಲು ಆಗಿರಲಿಲ್ಲ. ಒಗಟಿನಂಥ ಸುಳಿವು ಕೊಡುವ ಪದಬಂಧ ಅದು. ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ಹುಡುಕಿ ಉತ್ತರ ಹೇಳಿಯೇಬಿಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. “ಅದು ಹೇಗೆ?” ಅಂತ ಕೇಳಿದೆ. “ಅದೆಲ್ಲ ಗೊತ್ತಿಲ್ಲ, ಉತ್ತರ ಅದೇ” ಅಂದ. ಚೌಕ ತುಂಬಿತು. ನನಗೆ ಮಾತ್ರ ಮಂಗಳೂರು ಬರುವವರೆಗೂ ಹೊಟ್ಟೆ ಉರಿಯುತ್ತಿತ್ತು.

ನನಗೆ ಇದರ ರುಚಿ ಹತ್ತಿಸಿದ್ದು ಉಡುಪಿಯ ಸೋದರಮಾವ. ಬೆಳಗ್ಗೆ ಜಗಲಿಯಲ್ಲಿ ಪೇಪರ್ ಹರಡಿ ಕೂತರೆ ಕಾಫಿ ಆರಿದರೂ ಏಳುತ್ತಿರಲಿಲ್ಲ. ನಾನು ಅಂದಾಜಿನ ಮೇಲೆ ಒಂದು ಉತ್ತರ ಬರೆದರೆ, “ಎಲ್ಲಿಂದ ಬಂತು ಹೇಳು” ಅನ್ನುತ್ತಿದ್ದರು. ಹೇಳಲು ಬಾರದಿದ್ದರೆ ರಬ್ಬರ್ ತೆಗೆದುಕೊಂಡು ಅಳಿಸಿಬಿಡುತ್ತಿದ್ದರು. ಉತ್ತರ ಸರಿ ಇದ್ದರೂ! ಆಗ ಅಳುವೇ ಬರುತ್ತಿತ್ತು.

ಮಾಮೂಲಿ ಪದಬಂಧದಲ್ಲಿ ‘ಕಮಲ’ ಅಂತ ಕೇಳಿದರೆ ‘ತಾವರೆ’ ಅಂತ ಬರೆದರಾಯಿತು. ಕ್ರಿಪ್ಟಿಕ್‌ನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ನೇರ ಅರ್ಥ ಇರುತ್ತದೆ. ಉಳಿದದ್ದು ಅಕ್ಷರಗಳ ಆಟ. ತಿರುಗಿಸಬೇಕು, ಕಲಸಬೇಕು, ಇಲ್ಲವೇ ಎರಡು ಪದ ಜೋಡಿಸಬೇಕು. ಎರಡೂ ದಾರಿ ಒಂದೇ ಪದಕ್ಕೆ ಬಂದು ಸೇರಿದರೆ ಉತ್ತರ ಸರಿ ಅಂತ ನಮಗೇ ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಅದಕ್ಕೆ ಮಾವ ಕನ್ನಡದಲ್ಲೇ ಸುಳಿವು ಕಟ್ಟಿ ಕೊಡುತ್ತಿದ್ದರು. ‘ನೆಲದಮ್ಮ ಮೀನು ಮಾರ್ಕೆಟಿನಲ್ಲಿ (3)’. 3 ಅಂದರೆ ಉತ್ತರಕ್ಕೆ ಮೂರು ಅಕ್ಷರ. ನೆಲ ಅಂದರೆ ಭೂ, ಅಮ್ಮ ಅಂದರೆ ತಾಯಿ. ಭೂತಾಯಿ, ನಮ್ಮ ಕರಾವಳಿಯ ಮೀನು! ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾ?

ಇನ್ನೊಂದು ದಿನ ‘ಹಿಂದಿನಿಂದ ಬಂದರೂ ಬದಲಾಗದ ದಾಸ (3)’ ಅಂತ ಕೊಟ್ಟರು. ಎರಡು ದಿನ ತಲೆ ಕೆಡಿಸಿಕೊಂಡೆ. ಪುರಂದರ, ವಿಜಯ, ಯಾವುದೂ ಕೂರಲಿಲ್ಲ. ಮಾವ ಉತ್ತರ ಹೇಳಲಿಲ್ಲ. ಸಂಜೆ ರಥಬೀದಿಗೆ ಕರೆದುಕೊಂಡು ಹೋಗಿ ಕನಕನ ಕಿಂಡಿಯ ಎದುರು ನಿಲ್ಲಿಸಿದರು. “ಇವರು ದೇವರನ್ನು ಎಲ್ಲಿಂದ ನೋಡಿದ್ದು?” “ಹಿಂದಿನಿಂದ.” “ಹಾಗಾದರೆ ಹೆಸರನ್ನೂ ಹಿಂದಿನಿಂದ ಓದು.” ಕ, ನ, ಕ. ಅಲ್ಲೇ ನಿಂತು ಮೂರು ಸಲ ಹೇಳಿಕೊಂಡೆ. ಹಿಂದಿನಿಂದ ಓದಿದರೂ ಅದೇ ಕನಕ. ಕಿಂಡಿಯ ಕಥೆಯೂ ಅಕ್ಷರದ ಆಟವೂ ಒಂದೇ ಸಾಲಿನಲ್ಲಿ! ಮನೆಗೆ ಬರುವಷ್ಟರಲ್ಲಿ ನಾನೂ ಒಂದು ಕಟ್ಟಿದ್ದೆ. ‘ಆಚೆಯಿಂದಲೂ ಈಚೆಯಿಂದಲೂ ಒಂದೇ ಥರ ಕಾಣುವ ಕಿಂಡಿ (3)’. ಕಿಟಕಿ. ಆವತ್ತು ಮಾವ ರಬ್ಬರ್ ಮುಟ್ಟಲಿಲ್ಲ.

ಕನಕ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಿರುಗಿಸಿ ನೋಡಿ, ‘ಅಕನಕ್’ ಆಗುತ್ತದೆ. ನಮ್ಮಲ್ಲಿ ಚೌಕಕ್ಕೆ ಒಂದು ಇಡೀ ಅಕ್ಷರ ಕೂರುತ್ತದೆ, ಕಾಗುಣಿತ ಒತ್ತು ಎಲ್ಲ ಸೇರಿ. ಹಾಗಾಗಿ ಈ ಆಟ ಕನ್ನಡದಲ್ಲಿ ಬೇರೆಯೇ ಚಂದ.

ಕ್ರಾಸ್‌ವರ್ಡ್ ಶುರುವಾಗಿದ್ದು 1913ರಲ್ಲಿ, ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ. ಕ್ರಿಪ್ಟಿಕ್ ಬೆಳೆದದ್ದು ಇಂಗ್ಲೆಂಡಿನಲ್ಲಿ. ‘ಅಬ್ಸರ್ವರ್’ ಪತ್ರಿಕೆಗೆ 1926ರಿಂದ ಸುಳಿವು ಕಟ್ಟಿದವರು ಟೊರ್ಕೆಮಾಡ ಅಂತ ಹೆಸರಿಟ್ಟುಕೊಂಡಿದ್ದರು. ಅವರ ನಂತರ ಬಂದವರು ಕ್ಸಿಮೆನೆಸ್. ಎರಡೂ ಸ್ಪೇನಿನಲ್ಲಿ ಧರ್ಮದ ಹೆಸರಿನ ವಿಚಾರಣೆ ನಡೆಸಿದವರ ಹೆಸರು. ಹೆಸರು ಹಾಗಿದ್ದರೂ ಕ್ಸಿಮೆನೆಸ್ ಹಟ ಹಿಡಿದದ್ದು ನ್ಯಾಯಕ್ಕೆ. ಸುಳಿವಿನಲ್ಲಿ ನೇರ ಅರ್ಥ ಇರಬೇಕು, ಅಕ್ಷರದ ದಾರಿ ಇರಬೇಕು, ಇವೆರಡು ಬಿಟ್ಟು ಒಂದು ಪದವೂ ಜಾಸ್ತಿ ಇರಬಾರದು. ಬಿಡಿಸಿ ಹೇಳಲು ಬಾರದ ಸುಳಿವು ಅವರ ಲೆಕ್ಕದಲ್ಲಿ ಸುಳಿವೇ ಅಲ್ಲ.

ಇದು ನಮಗೆ ಹೊಸತೇನೂ ಅಲ್ಲ. ಕನಕದಾಸರ ಮುಂಡಿಗೆಗಳನ್ನು, ಅಂದರೆ ಒಗಟಿನಂಥ ಹಾಡುಗಳನ್ನು, ಯಾರಾದರೂ ಬಿಡಿಸಿ ಹೇಳಿದರೇನೇ ಖುಷಿ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ ತಾಳಮದ್ದಳೆಯಲ್ಲಿ ಎದುರಾಳಿ ಆಡಿದ ಒಂದೇ ಪದವನ್ನು ಹಿಡಿದು, ಪಾತ್ರದ ಮಾತಾಡುವ ಅರ್ಥಧಾರಿ ಮೂರು ಥರ ಬಿಡಿಸುವಾಗ ನಾವು ರಾತ್ರಿಯಿಡೀ ಕೂರುತ್ತೇವೆ. ಅಲ್ಲಿ ಯಾರೂ “ಗೆದ್ದದ್ದು ಯಾರು, ಅದನ್ನು ಮೊದಲು ಹೇಳಿ” ಅನ್ನುವುದಿಲ್ಲ ಅಲ್ವಾ?

ಪತ್ರಿಕೆಗಳು ಮರುದಿನ ತುಂಬಿದ ಚೌಕ ಮಾತ್ರ ಹಾಕುತ್ತವೆ. ಅದರ ಪಕ್ಕ ಮೂರು ಸುಳಿವನ್ನಾದರೂ ಬಿಡಿಸಿ ಹಾಕಿದರೆ ಹೊಸಬರು ಹೆದರಿ ಪುಟ ತಿರುಗಿಸುವುದಿಲ್ಲ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ವಾರಕ್ಕೊಂದು ಇಂಥ ಪದಬಂಧ ಬಂದರೆ ಎಷ್ಟು ಚೆನ್ನ! ಕಟ್ಟಿಕೊಡಲು ನಾನು ತಯಾರಿದ್ದೇನೆ.

ಸದ್ಯಕ್ಕೆ ಒಂದು ಇಲ್ಲೇ ಇಟ್ಟಿರುತ್ತೇನೆ. ‘ಕಾಗದ ಬಿಚ್ಚು, ಮಳೆಗಾಲದ ತಿಂಡಿ (3)’. ಶಾಲೆಯಲ್ಲಿ ಕಲಿತ ಸಂಧಿ ಸ್ವಲ್ಪ ನೆನಪಿರಲಿ. ಉತ್ತರ ಹೊಳೆದವರು ಅದನ್ನು ಬರೆಯಬೇಡಿ. ಯಾವ ಪದ ಯಾವುದಕ್ಕೆ ಸೇರಿತು, ಅಷ್ಟು ಬರೆಯಿರಿ.