ಮನೆ ಖಾಲಿ ಇದೆ, ಹಾಸಿಗೆ ಹಿಡಿದವರಿಗಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಓನರ್‌ಗಳ ಪ್ರಶ್ನೆಪತ್ರಿಕೆ ಬಾಯಿಪಾಠ ಆಗಿರುತ್ತದೆ. ವೆಜ್ಜಾ ನಾನ್‌ವೆಜ್ಜಾ, ಯಾವ ಜನ, ಎಷ್ಟು ಜನ, ನೆಂಟರು ಜಾಸ್ತಿ ಬರ್ತಾರಾ. ಇದರಲ್ಲಿ ಹೇಗೋ ಪಾಸಾಗಬಹುದು. ಆದರೆ ಮನೆಯಲ್ಲಿ ಲಕ್ವ ಹೊಡೆದ ಅಮ್ಮ ಇದ್ದಾರೆ, ನೋಡಿಕೊಳ್ಳಲು ಒಬ್ಬ ಹುಡುಗಿ ಜೊತೆಗಿರುತ್ತಾಳೆ ಎಂದು ಹೇಳಿ ನೋಡಿ. ಓನರ್ ದನಿ ತಗ್ಗುತ್ತದೆ. "ಅಲ್ಲಾ, ತಪ್ಪು ತಿಳ್ಕೋಬೇಡಿ... ಅಮ್ಮ ಹೇಗಿದ್ದಾರೆ? ಅಂದ್ರೆ, ಸ್ಟೇಬಲ್ಲಾ?"

ಅವರಿಗೆ ಬೇಕಿರುವುದು ಬಿಪಿ ಲೆಕ್ಕ ಅಲ್ಲ, ಧನಿಷ್ಠಾ ಪಂಚಕದ ಲೆಕ್ಕ. ಆ ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕಂತೆ, ಅಷ್ಟು ದಿನದ ಬಾಡಿಗೆ ಯಾರು ಕೊಡ್ತಾರೆ ಹೇಳಿ? ಹಾಗಾಗಿ ಅಗ್ರಿಮೆಂಟಿನಲ್ಲೇ ಒಂದು ಷರತ್ತು ಸೇರಿಸಿಬಿಡುವುದು ವಾಸಿ: 'ಬಾಡಿಗೆದಾರರ ಕುಟುಂಬದವರು 11 ತಿಂಗಳ ಅವಧಿಯಲ್ಲಿ ಸಾಯತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಪಂಚಾಂಗ ನೋಡಿ, ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಸಾಯತಕ್ಕದ್ದು.' ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಸಾಲಿನ ಕೆಳಗೇ ಇದು ಚೆನ್ನಾಗಿ ಹೊಂದುತ್ತದೆ.

ಮನೆ ಬೇಡ, ವೃದ್ಧಾಶ್ರಮ ನೋಡೋಣ ಅಂತೀರಾ? ನೋಡಿ. 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ ಆಶ್ರಮ, ಕನಿಷ್ಠ 150 ಬಡ ವೃದ್ಧರಿಗೆ ಜಾಗ ಎಂದೆಲ್ಲ ಹೇಳಿ, ಕಟ್ಟುವುದು ಬಿಡುವುದು ರಾಜ್ಯ ಸರ್ಕಾರದ ಮನಸ್ಸಿಗೆ ಬಿಟ್ಟಿದೆ. ಉಳಿದ ಎಷ್ಟೋ ಆಶ್ರಮಗಳ ಮೊದಲ ನಿಯಮವೇ 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ'. ನಡೆಯಬೇಕು, ಸ್ನಾನ ಮಾಡಿಕೊಳ್ಳಬೇಕು, ಮಾತ್ರೆ ನೆನಪಿಟ್ಟು ನುಂಗಬೇಕು. ಇಷ್ಟೆಲ್ಲ ಬರುವ ಮುದುಕರನ್ನು ಯಾವ ಮಗ ಆಶ್ರಮಕ್ಕೆ ಬಿಡ್ತಾನೆ? ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಮನೆಯಲ್ಲೇ ಇಟ್ಟುಕೊಂಡಿರ್ತಾನೆ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವವರೂ ಇದ್ದಾರೆ, ಇಲ್ಲ ಅಂತಲ್ಲ. ಅವರ ತಿಂಗಳ ಬಿಲ್ ನೋಡಿದ ಮಗನೂ ಪಕ್ಕದ ಹಾಸಿಗೆಯಲ್ಲಿ ಮಲಗಬೇಕಾಗುತ್ತದೆ ಅಷ್ಟೆ.

ಇನ್ನು ಬ್ರೋಕರ್. "ಲಿಫ್ಟ್ ಇದೆ ಸಾರ್, ನಿಮ್ಮಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ" ಎನ್ನುತ್ತಾರೆ. ಹೋಗಿ ನೋಡಿದರೆ ಲಿಫ್ಟ್ ನಿಜವಾಗಿಯೂ ಇದೆ, ನಾಲ್ಕು ಮೆಟ್ಟಿಲು ಹತ್ತಿದ ಮೇಲೆ. ಆ ಮೆಟ್ಟಿಲು ಯಾಕೆ ಎಂದರೆ ವಾಸ್ತು. ಮೇಲೆ ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ, ಚೌಕಟ್ಟು ಕಳೆದರೆ ಇನ್ನೂ ಕಡಿಮೆ, ವೀಲ್‌ಚೇರ್ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರಡಿ ಬೇಕು ಅನ್ನುತ್ತದೆ. ರ‍್ಯಾಂಪಿಗೂ ಲೆಕ್ಕ ಇದೆ, ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಮೂರಡಿ ಎತ್ತರದ ಪಾಯಕ್ಕೆ 36 ಅಡಿ. "30-40 ಸೈಟಲ್ಲಿ ರ‍್ಯಾಂಪೇ ಕಟ್ಕೊಂಡು ಅದರ ಮೇಲೇ ಮಲಗಿ" ಎಂದು ಮೇಸ್ತ್ರಿ ನಗುತ್ತಾನೆ. ಅವನದೇನು ತಪ್ಪು, ಪಾಯ ಅಷ್ಟು ಎತ್ತರ ಹಾಕಿಸಿದ್ದು ಮಳೆನೀರು ಮನೆಗೆ ನುಗ್ಗುವ ಊರು.

ಕಾನೂನು ಇಲ್ವಾ ಅಂದರೆ, ಭರ್ಜರಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ನಿಯಮ ಪಾಲಿಸದ ಸಂಸ್ಥೆಯ ಕಟ್ಟಡಕ್ಕೆ ಪ್ಲಾನ್ ಅನುಮತಿಯೇ ಸಿಗಬಾರದು. ಕಾಯ್ದೆ ಕಡ್ಡಾಯ ಎಂದಿತು. ಅದರ ಕೆಳಗೆ ಮಾಡಿದ ನಿಯಮದಲ್ಲಿ ಮಾರ್ಗಸೂಚಿಗಳು ಬರೀ ಸಲಹೆಗಳ ಹಾಗೆ ಕೂತಿದ್ದವು. ಇದು 2017ರ ಕಥೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ 15ನೇ ನಿಯಮ ಕಾಯ್ದೆಗೇ ವಿರುದ್ಧವಾಗಿದೆ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದಿತು. ಮೂರು ತಿಂಗಳಲ್ಲಿ ನಮ್ಮ ಏರಿಯಾದಲ್ಲಿ ಎರಡು ಮಹಡಿ ಏಳುತ್ತವೆ, ಮೆಟ್ಟಿಲ ಸಮೇತ.

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲೂ ಅಂಗವಿಕಲರಿಗೆ, ಹಿರಿಯರಿಗೆ ನೆಲಮಹಡಿ ಇಲ್ಲವೇ ಕೆಳಗಿನ ಮಹಡಿಗಳಲ್ಲಿ ಆದ್ಯತೆ ಕೊಡಬೇಕೆಂದು ಬರೆದಿದೆ. ಒಳ್ಳೆಯ ಮಾತು. ಆದರೆ ಬೆಂಗಳೂರಿನ ಬಾಡಿಗೆ ಬಿಲ್ಡಿಂಗ್‌ಗಳ ನೆಲಮಹಡಿಯಲ್ಲಿ ಈಗಾಗಲೇ ಒಬ್ಬರು ವಾಸ ಇದ್ದಾರಲ್ಲ. ಕಾರು! ಅದಕ್ಕೆ ಗಾಳಿ ಬೆಳಕು, ಗ್ರಾನೈಟ್ ನೆಲ, ಫುಟ್‌ಪಾತ್ ನುಂಗಿ ರಸ್ತೆಯವರೆಗೆ ಚಾಚಿದ ರ‍್ಯಾಂಪು. ಅಮ್ಮನಿಗೊಂದು ಪುಟ್ಟ ರ‍್ಯಾಂಪ್ ಕೇಳಿದರೆ ಎಲಿವೇಶನ್ ಕೆಡುತ್ತೆ ಎನ್ನುವ ಅಸೋಸಿಯೇಷನ್ ಅದನ್ನು ನೋಡಿ ಯಾವತ್ತೂ ಏನೂ ಅಂದಿಲ್ಲ.

ಅದಕ್ಕೇ ಹೇಳುತ್ತೇನೆ, ಅಮ್ಮನ ವೀಲ್‌ಚೇರ್‌ಗೆ ಒಂದು ನಂಬರ್ ಪ್ಲೇಟ್ ಹಾಕಿಸಿ. ನಾಲ್ಕು ಚಕ್ರ ಹೇಗೂ ಇವೆ. ಮನೆ ಕೇಳುವಾಗ ಅಮ್ಮನ ಸುದ್ದಿ ಎತ್ತಬೇಡಿ, "ಒಂದು ಫೋರ್ ವೀಲರ್ ಇದೆ ಸಾರ್, ಸ್ವಲ್ಪ ಹಳೇ ಮಾಡೆಲ್" ಅನ್ನಿ. ಓನರ್ ತಾವೇ ಬಂದು ಗೇಟು ತೆಗೆದು ಜಾಗ ತೋರಿಸುತ್ತಾರೆ. ಮಳೆ ಬೀಳಲ್ಲ, ಸಿಸಿಟಿವಿ ಇದೆ, ಒಂದೇ ಒಂದು ಮೆಟ್ಟಿಲಿಲ್ಲ. ತಿಂಗಳಿಗೆ ಎರಡು ಸಾವಿರ ಎಕ್ಸ್‌ಟ್ರಾ. ನೀರಿನ ಚಾರ್ಜ್ ಬೇರೆ, ದಿನಾ ತೊಳೀತೀರಾ ಅಲ್ವಾ.