ನವಿಲುಕೋಸಿನ ಎಲೆ ಮುರಿಸಿ ಕೇಲ್ ಕೊಳ್ಳುವವರಿಗೆ

ಇಂದು ಬೆಳಿಗ್ಗೆ ಕೋಲಾರದ ನಮ್ಮ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಕಂಡದ್ದನ್ನು ಇಲ್ಲಿ ಬರೆದು ಮುಗಿಸದಿದ್ದರೆ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ನನ್ನ ಮುಂದೆ ನಿಂತಿದ್ದ ತರುಣನೊಬ್ಬ ನಾಲ್ಕು ನವಿಲುಕೋಸು ಆರಿಸಿಕೊಂಡು, "ಎಲೆಯೆಲ್ಲ ಮುರಿದು ಕೊಡಿ ಅಕ್ಕ, ಸುಮ್ಮನೆ ತೂಕಕ್ಕೆ ಬರುತ್ತೆ" ಎಂದ. ಅಂಗಡಿಯ ಅಕ್ಕ ಒಂದೊಂದೇ ಗೆಡ್ಡೆಯನ್ನು ಎಡಗೈಯಲ್ಲಿ ಹಿಡಿದು, ಇನ್ನೂ ತೇವ ಆರದ ಎಲೆಗಳನ್ನು ತೊಟ್ಟಿನ ಸಮೇತ ಚಟಚಟನೆ ಮುರಿದು ಕಾಲ ಬಳಿಯ ಮಂಕರಿಗೆ ಹಾಕಿದರು. ಆ ಮಂಕರಿ ಅವರ ಮನೆಯ ಹಸುವಿಗೆ. ಅನಂತರ ಆ ತರುಣ ಫ್ರಿಜ್ಜಿನ ಬಾಗಿಲು ತೆರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಒಂದು ಹಿಡಿ ಸುರುಳಿ ಎಲೆಗೆ 90 ರೂಪಾಯಿ ಕೊಟ್ಟ. ಅದರ ಹೆಸರು ಕೇಲ್. ಅಕ್ಕ ನನ್ನ ಮುಖ ನೋಡಿದರು, ನಾನು ಮಂಕರಿಯನ್ನು ನೋಡಿದೆ.

ಮಾಲೂರಿನ ಕಡೆಯ ಜಮೀನಿನಲ್ಲಿ ಕೋಸು ಬೆಳೆದು ನಾನು ಕೈ ಸುಟ್ಟುಕೊಂಡ ಕಥೆ ನಿಮಗೆಲ್ಲ ತಿಳಿದದ್ದೇ ಆದ್ದರಿಂದ, ಇದನ್ನು ನನ್ನ ಹೊಟ್ಟೆಯುರಿ ಎಂದುಕೊಂಡರೂ ನನಗೆ ಬೇಸರವಿಲ್ಲ. ಆದರೆ ಒಂದು ಮಾತು ಕೇಳಿ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ನಿಂಬೆಹಣ್ಣಿನಷ್ಟು ದಪ್ಪದ ಮರಿಕೋಸು, ಕೊನೆಗೆ ಈ ಕೇಲ್, ಇವೆಲ್ಲವೂ ಬೇರೆ ಬೇರೆ ಜಾತಿಯ ಗಿಡಗಳಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಬ್ರಾಸಿಕಾ ಒಲರೇಸಿಯಾ ಎಂದು ಹೆಸರಿಟ್ಟ ಒಂದೇ ಪ್ರಭೇದಕ್ಕೆ ಸೇರಿದವು. ಯುರೋಪಿನ ಕಡಲಂಚಿನ ಒಂದು ಕಾಡುಗಿಡವನ್ನು ಹಿಡಿದು, ತುದಿಮೊಗ್ಗು ಬಿಗಿಯಾಗಿ ಸುತ್ತಿಕೊಂಡದ್ದನ್ನು ಆರಿಸುತ್ತ ಹೋದವರಿಗೆ ಎಲೆಕೋಸು ಸಿಕ್ಕಿತು, ಕಾಂಡ ಊದಿಕೊಂಡದ್ದನ್ನು ಆರಿಸಿದವರಿಗೆ ನವಿಲುಕೋಸು, ಕಂಕುಳ ಮೊಗ್ಗುಗಳನ್ನು ಬೆಳೆಸಿದವರಿಗೆ ಮರಿಕೋಸು, ಹೂಗೊಂಚಲನ್ನೇ ದಪ್ಪ ಮಾಡಿದವರಿಗೆ ಹೂಕೋಸು ಮತ್ತು ಬ್ರೊಕೊಲಿ. ಗಂಟೂ ಕಟ್ಟದೆ ಗೆಡ್ಡೆಯೂ ಆಗದೆ ಬರೀ ಎಲೆಯಾಗಿ ಉಳಿದದ್ದು ಕೇಲ್. ಅಂದರೆ ಮಂಕರಿಗೆ ಬಿದ್ದದ್ದೂ ಡಬ್ಬಿಯಲ್ಲಿದ್ದದ್ದೂ ಒಂದೇ ಪ್ರಭೇದದ ಎಲೆ. ನವಿಲುಕೋಸಿನ ಎಲೆ ತುಸು ಗಡುಸು, ನಡುದಂಟು ದಪ್ಪ, ಅಷ್ಟೇ ವ್ಯತ್ಯಾಸ.

(ಅದೇ ಫ್ರಿಜ್ಜಿನಲ್ಲಿ ಉದ್ದನೆಯ ಚೈನೀಸ್ ಕ್ಯಾಬೇಜ್ ಕೂಡ ಇತ್ತು. ನಿಜ ಹೇಳಬೇಕೆಂದರೆ ಅದು ಹೆಸರಿಗಷ್ಟೇ ಕೋಸು. ವಂಶದಲ್ಲಿ ಅದು ಟರ್ನಿಪ್ಪಿನ ಪ್ರಭೇದಕ್ಕೆ ಸೇರಿದ್ದು. ಆ ಪ್ರಭೇದವೂ ಕರಿಸಾಸಿವೆಯೂ ಕೂಡಿ ಹುಟ್ಟಿದ ಸಂತಾನವೇ ಸೊಪ್ಪಿಗೂ ಎಣ್ಣೆಗೂ ಬೆಳೆಯುವ ಸಾಸಿವೆ ಎಂಬುದನ್ನು 1935ರಲ್ಲಿ ಕೊರಿಯಾ ಮೂಲದ ವಿಜ್ಞಾನಿ ಯು ವರ್ಣತಂತುಗಳ ಲೆಕ್ಕದಿಂದ ತೋರಿಸಿದರು: ಹತ್ತು ಮತ್ತು ಎಂಟು ಸೇರಿ ಹದಿನೆಂಟು. ಸಾಸಿವೆ ಸೊಪ್ಪಿಗೂ ನಮ್ಮ ಊಟದಲ್ಲಿ ಜಾಗ ಕಡಿಮೆಯಾಗುತ್ತಿದೆ ಎಂಬುದು ನನ್ನ ಇನ್ನೊಂದು ದೂರು. ಅದನ್ನು ಇಂದು ಎತ್ತುವುದಿಲ್ಲ.)

ಕಾಶ್ಮೀರದವರು ನವಿಲುಕೋಸನ್ನು ಎಲೆಯ ಸಮೇತ ಬೇಯಿಸಿ ಮೊಂಜ್ ಹಾಕ್ ಎಂದು ಅನ್ನದ ಜೊತೆ ಉಣ್ಣುತ್ತಾರೆ. ಅಷ್ಟು ದೂರವೇಕೆ, ನಮ್ಮ ಅಮ್ಮ ಎಳೆಯ ಎಲೆಗಳ ನಡುದಂಟನ್ನು ಸೀಳಿ ತೆಗೆದು, ಅಲಸಂದೆ ಕಾಳಿನ ಜೊತೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಬಸ್ಸಾರು ಮಾಡಿ, ಉಳಿದ ಸೊಪ್ಪಿಗೆ ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸುತ್ತಿದ್ದರು. ಬಿಸಿ ಮುದ್ದೆಗೆ ಅದಕ್ಕಿಂತ ಬೇರೇನು ಬೇಕು?

"ಹೊರಗಿನ ಎಲೆಗೆ ಔಷಧಿ ಹೊಡೆದಿರುತ್ತಾರೆ ಸಾರ್" ಎಂದು ಯಾರಾದರೂ ಕಾಮೆಂಟಿನಲ್ಲಿ ಬರೆಯುವುದು ಖಚಿತ. ಹೊಡೆಯುತ್ತಾರೆ, ನಾನೂ ಹೊಡೆದಿದ್ದೇನೆ. ವಜ್ರಬೆನ್ನಿನ ಪತಂಗದ ಮರಿಹುಳು ಒಮ್ಮೆ ತೋಟಕ್ಕೆ ಹೊಕ್ಕರೆ ಎಲೆ ಜರಡಿಯಾಗುತ್ತದೆ. ಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕಿದರೆ ಆ ಪತಂಗ ಸಾಸಿವೆಗೇ ಮುಗಿಬೀಳುತ್ತದೆ ಎಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಂದೋ ಹೇಳಿದ್ದರೂ, ಎರಡು ಸಾಲು ಜಾಗ ಹೋಗುತ್ತದೆಂಬ ಜಿಪುಣತನದಿಂದ ನಾನು ಅದನ್ನು ಮಾಡಲಿಲ್ಲ. ಆದರೆ ಡಬ್ಬಿಯ ಕೇಲ್ ಮೇಲೆ ಪತಂಗ ಕೂರುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ಹೂಕೋಸಿನ ಸಂದುಗಳನ್ನು ತೊಳೆಯುವುದಕ್ಕಿಂತ ಒಂದು ಎಲೆಯನ್ನು ಎರಡೂ ಕಡೆ ತೊಳೆಯುವುದು ಎಷ್ಟೋ ಸುಲಭ. ಔಷಧಿಯ ಭಯವಿದ್ದರೆ ಎರಡಕ್ಕೂ ಇರಲಿ. 90 ರೂಪಾಯಿ ಕೊಟ್ಟ ಕೂಡಲೇ ಭಯ ಮಾಯವಾಗುವುದಾದರೆ ಅದು ಭಯವಲ್ಲ, ಶೋಕಿ.

ನಾನೇನೂ ಸಾಚಾ ಅಲ್ಲ. ಐದು ವರ್ಷಗಳ ಹಿಂದೆ ನನಗೂ ಶೋಕಿ ಹಿಡಿದು ಅರ್ಧ ಎಕರೆಗೆ ನೇರಳೆ ಬಣ್ಣದ ಕೋಸು ಹಾಕಿದ್ದೆ. ಮಂಡಿಯಲ್ಲಿ ಒಬ್ಬರು ಅದನ್ನು ಉಗುರಿನಿಂದ ಕೆರೆದು, "ಬೀಟ್ರೂಟ್ ನೀರಲ್ಲಿ ಅದ್ದಿದ್ದೀರೇನಣ್ಣ?" ಎಂದು ಕೇಳಿದರು. ಮಾರಾಟವಾಗದೆ ಉಳಿದದ್ದನ್ನು ನನ್ನಾಕೆ ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಯಿಸಿದಾಗ ಕಟ್ಟು ಶಾಯಿಯಂತೆ ನೀಲಿಯಾಯಿತು. ಹುಣಸೆಹಣ್ಣಿನ ರಸ ಬಿದ್ದ ಕೂಡಲೇ ಕೆಂಪಗೆ ತಿರುಗಿತು. ಆ ಎಲೆಯ ಬಣ್ಣ ಕ್ಷಾರಕ್ಕೆ ನೀಲಿ, ಹುಳಿಗೆ ಕೆಂಪು ಎಂದು ನಾನು ವಿವರಿಸತೊಡಗಿದರೆ, ಮಕ್ಕಳು ತಟ್ಟೆ ಬಿಟ್ಟು ಎದ್ದಿದ್ದರು. ಆ ತಿಂಗಳೆಲ್ಲ ನೇರಳೆ ಕೋಸು ತಿಂದ ನಾನು, ಪಕ್ಕದ ಮಡಿಯಲ್ಲಿದ್ದ ನವಿಲುಕೋಸಿನ ಎಲೆಯನ್ನು ತಿಪ್ಪೆಗೆ ಎಸೆಸಿದ್ದೆ ಎಂಬುದನ್ನು ನೆನೆದರೆ ಇಂದು ಆ ತರುಣನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಇರಬೇಕು.

ಹಸುವಿನ ಪಾಲಿನಲ್ಲಿ ಎರಡು ಹಿಡಿ ಕೇಳಿ ತಂದಿದ್ದೇನೆ. ಅಕ್ಕ ದುಡ್ಡು ಮುಟ್ಟಲಿಲ್ಲ. ಎಲೆಗಳು ಈಗ ಅಡುಗೆಮನೆಯಲ್ಲಿ ಉಪ್ಪುನೀರಿನಲ್ಲಿ ನೆನೆಯುತ್ತಿವೆ. ಎರಡು ಹಸಿರು ಹುಳುಗಳು ಆಗಲೇ ಮೇಲಕ್ಕೆ ತೇಲಿ ಬಂದಿವೆ. ಔಷಧಿ ತೀರ ಜೋರಾಗಿ ಹೊಡೆದಿಲ್ಲವೆಂದು ನನಗೆ ಸಮಾಧಾನ, ಇದನ್ನು ತಂದವರಾರು ಎಂದು ನನ್ನಾಕೆಗೆ ಕೋಪ.